ಸೂರಿನಲ್ಲಿ ಹುಟ್ಟುವ ನದಿ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದೊಳಗೇ ಬುಗ್ಗೆಗಳಿಂದ ಹುಟ್ಟಿ, ನಗರದೊಳಗೇ ಹರಿದು, ಇಹುತಾಯಿ ಎಂಬ ಒಂದೇ ಅಳಿವೆಗೆ ಬಂದು ಪೆಸಿಫಿಕ್ ಸಾಗರ ಸೇರುವ ಎರಡು ನದಿಗಳಿವೆ: ಓಟಾಕಾರೊ ಮತ್ತು ಓಪಾವಾಹೊ. ವಲಸೆ ಬಂದ ಬ್ರಿಟಿಷರು ಇಟ್ಟ ಹೆಸರುಗಳು ಏವನ್ ಮತ್ತು ಹೀತ್‌ಕೋಟ್. ದಂಡೆಯಲ್ಲಿ ನಿಂತು ನೋಡಿದರೆ ಕೊಳೆ ಕಾಣುವುದಿಲ್ಲ, ನಾತ ಬರುವುದಿಲ್ಲ. ಕೇಡು ಇರುವುದು ಕಣ್ಣಿಗೆ ಬೀಳದ ಸತು, ತಾಮ್ರ, ಸೀಸಗಳಲ್ಲಿ. ಕೆಳಗೆ ಮಾತನಾಡುವ ಮೂವರು ಕಲ್ಪಿತರು. ದೊಡ್ಡಮ್ಮ ಮೂಡುಬಿದಿರೆಯ ಜೈನ ಮನೆತನದವರು, ನಿವೃತ್ತ ಕನ್ನಡ ಅಧ್ಯಾಪಕಿ. ತಂಗಿಯ ಮಗಳು ಕ್ರೈಸ್ಟ್‌ಚರ್ಚಿನಲ್ಲಿ ಮಳೆನೀರಿನ ಇಂಜಿನಿಯರ್. ಅವಳ ಗಂಡ ಕೆಂಗೇರಿಯವನು, ಅದೇ ಊರಲ್ಲಿ ಕಾರು ರಿಪೇರಿಯ ಗ್ಯಾರೇಜ್ ಇಟ್ಟಿದ್ದಾನೆ. ನದಿಗಳು, ಲೋಹಗಳು, ಕಾನೂನುಗಳು ಮಾತ್ರ ಕಲ್ಪಿತವಲ್ಲ.

ದೊಡ್ಡಮ್ಮ: ಆಗಿನಿಂದ ನೋಡುತ್ತಿದ್ದೇನೆ. ಮಾಡಿನ ನೀರು ದಂಬೆಗೆ ಬಿದ್ದು, ಪೈಪಿನಲ್ಲಿ ಇಳಿದು, ರಸ್ತೆ ಬದಿಯ ಜಾಲರಿಯೊಳಗೆ ಹೋಗುತ್ತಿದೆ. ಆಮೇಲೆ ಎಲ್ಲಿಗೆ?

ಮಗಳು: ನದಿಗೆ.

ದೊಡ್ಡಮ್ಮ: ಶುದ್ಧ ಮಾಡುವ ಕಡೆ ಹೋಗುವುದಿಲ್ಲವಾ?

ಮಗಳು: ಬಚ್ಚಲು, ಅಡುಗೆಮನೆ, ಪಾಯಿಖಾನೆಯ ನೀರು ಬೇರೆ ಕೊಳವೆಯಲ್ಲಿ ಬ್ರಾಮ್ಲಿಯ ಘಟಕಕ್ಕೆ ಹೋಗುತ್ತದೆ. ಮಳೆನೀರಿನ ದಾರಿಯೇ ಬೇರೆ. ಹೊಸ ಬಡಾವಣೆಗಳಲ್ಲಿ ಅದನ್ನು ಕೊಳಗಳಲ್ಲಿ, ಜೌಗು ನೆಲದಲ್ಲಿ ತಡೆದು ಬಿಡುತ್ತೇವೆ. ಹಳೆಯ ಬಡಾವಣೆಗಳಲ್ಲಿ ಬಹುಪಾಲು ನೇರವಾಗಿ ತೊರೆಗೆ. ಮಳೆನೀರು ಅಂದರೆ ಶುದ್ಧ ನೀರು ಎಂದು ನಂಬಿದ ಕಾಲದಲ್ಲಿ ಹಾಕಿದ ಕೊಳವೆಗಳು ಅವು.

ದೊಡ್ಡಮ್ಮ: ಶುದ್ಧ ಅಲ್ಲವಾ? ಆಕಾಶದಿಂದ ಬಿದ್ದದ್ದು.

ಮಗಳು: ಆಕಾಶದಿಂದ ಬೀಳುವಾಗ ಹೆಚ್ಚುಕಡಿಮೆ ಶುದ್ಧ, ಸ್ವಲ್ಪ ಹುಳಿ. ಈ ದೇಶದ ಹಳೆಯ ಮನೆಗಳ ಮೇಲೆ ಸತು ಲೇಪಿಸಿದ ಅಲೆಅಲೆಯ ತಗಡಿದೆ. ನಾವು ಜಿಂಕ್ ಶೀಟು ಅನ್ನುತ್ತೇವಲ್ಲ, ಅದು. ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಎಂದು ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಅದರ ಕೆಲಸವೇ ಅದು. ಕರಗಿದ ಸತು ಪ್ರತಿ ಮಳೆಗೂ ಕೆಳಗಿಳಿಯುತ್ತದೆ. ಈ ಊರಿನ ನದಿಗಳ ಸತುವಿನಲ್ಲಿ ಹೆಚ್ಚಿನ ಪಾಲು ಮಾಡುಗಳದ್ದು. ಉಳಿದದ್ದರಲ್ಲಿ ಟೈರುಗಳದ್ದು ದೊಡ್ಡ ಪಾಲು. ರಬ್ಬರನ್ನು ಗಟ್ಟಿ ಮಾಡಲು ಸತುವಿನ ಆಕ್ಸೈಡ್ ಬೆರೆಸುತ್ತಾರೆ, ಟೈರಿನ ತೂಕದ ನೂರರಲ್ಲಿ ಸುಮಾರು ಒಂದು ಪಾಲು ಸತು. ತಾಮ್ರ ಬರುವುದು ಬ್ರೇಕ್ ಪ್ಯಾಡಿನಿಂದ. ಸೀಸ ಹಳೆಯ ಬಣ್ಣಗಳಿಂದ.

ಅಳಿಯ: ದೊಡ್ಡಮ್ಮ, ಇವಳು ಹೇಳೋ ರೀತಿಯಲ್ಲಿ ಕೇಳಿದ್ರೆ ಊರೇ ವಿಷದ ಮೇಲೆ ಕೂತಿದೆ ಅನ್ನಿಸತ್ತೆ. ಜಿಂಕ್ ಮಾತ್ರೆ ಡಾಕ್ಟರೇ ಬರೆದುಕೊಡ್ತಾರೆ. ತಾಮ್ರದ ಚೊಂಬಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯೋರು ನಾವು. ಇದರಲ್ಲಿ ವಿಷ ಏನಿದೆ?

ಮಗಳು: ನಮಗೆ ಇಲ್ಲ. ದೊಡ್ಡವರಿಗೆ ದಿನಕ್ಕೆ 8ರಿಂದ 11 ಮಿಲಿಗ್ರಾಂ ಸತು ಬೇಕೇ ಬೇಕು. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂವರೆಗೆ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿ 2000ದಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತೊರೆಯ ಜೀವಿಗಳಿಗೆ ತಾಮ್ರದ ಮಿತಿ ಲೀಟರಿಗೆ 1.4 ಮೈಕ್ರೋಗ್ರಾಂ, ಸತುವಿಗೆ 8. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಿಮ್ಮ ಲೋಟದಲ್ಲಿ ಇರಬಹುದಾದ ತಾಮ್ರ ತೊರೆಯ ಮಿತಿಗಿಂತ ಸಾವಿರ ಪಟ್ಟಿಗೂ ಹೆಚ್ಚು.

ದೊಡ್ಡಮ್ಮ: ಯಾಕೆ ಅಷ್ಟು ವ್ಯತ್ಯಾಸ?

ಮಗಳು: ನಾವು ನೀರನ್ನು ಕುಡಿಯುತ್ತೇವೆ, ಅವು ನೀರನ್ನು ಉಸಿರಾಡುತ್ತವೆ. ಮೀನಿನ ಕಿವಿರು ನೀರಿನಿಂದ ಸೋಡಿಯಂ, ಕ್ಯಾಲ್ಸಿಯಂ ಹೀರಿಕೊಳ್ಳಬೇಕು. ತಾಮ್ರ ಸೋಡಿಯಮ್ಮಿನ ದಾರಿ ಕಟ್ಟುತ್ತದೆ, ಸತು ಕ್ಯಾಲ್ಸಿಯಮ್ಮಿನ ದಾರಿ ಕಟ್ಟುತ್ತದೆ. ತಾಮ್ರ ಇನ್ನೂ ಸ್ವಲ್ಪವೇ ಇದ್ದರೂ ಮೀನಿಗೆ ವಾಸನೆ ಹಿಡಿಯುವ ಶಕ್ತಿ ಕುಂದುತ್ತದೆ. ವಾಸನೆ ಹೋದರೆ ಆಹಾರ ಸಿಗುವುದಿಲ್ಲ, ಶತ್ರು ಬಂದದ್ದು ತಿಳಿಯುವುದಿಲ್ಲ. ಕಲ್ಲಿನಡಿ ಬದುಕುವ ಸಣ್ಣ ಹುಳುಗಳಿವೆ, ಮೇಫ್ಲೈ ಅನ್ನುತ್ತಾರೆ. ಅವು ಎಲ್ಲರಿಗಿಂತ ಮೊದಲು ಹೋಗುತ್ತವೆ. ಊರಿನ ಕೈಗಾರಿಕಾ ಭಾಗದ ಹೇಟನ್ಸ್, ಕರ್ಲೆಟ್ಸ್ ರೋಡ್ ತೊರೆಗಳಲ್ಲಿ, ಅಡಿಂಗ್ಟನ್ ತೊರೆಯಲ್ಲಿ ಲೋಹಗಳು ಮಿತಿ ಮೀರುವುದು ಹೊಸ ಸುದ್ದಿಯೇ ಅಲ್ಲ.

ಅಳಿಯ: ಸರಿ, ಒಪ್ಪಿದೆ. ಆದ್ರೆ ನಾನು ಕೆಂಗೇರೀಲಿ ಬೆಳೆದೋನು. ವೃಷಭಾವತಿ ನಮ್ಮ ಮನೆ ಹಿಂದೆ. ಬಸವನಗುಡಿ ದೊಡ್ಡ ಬಸವನ ಪಾದದ ಹತ್ತಿರ ಹುಟ್ತು ಅಂತ ಹೇಳೋ ನದಿ, ಗಾಳಿ ಆಂಜನೇಯ ದೇವಸ್ಥಾನದ ಪಕ್ಕ ಹರೀತಾ ಇದ್ದ ನದಿ. ನಾವು ಹುಡುಗರಾಗಿದ್ದಾಗಲೇ ಅದು ಮೋರಿ. ಬರೀ ಪಾಯಿಖಾನೆ ನೀರಲ್ಲ, ಪೀಣ್ಯದ ಕಡೆಯಿಂದ ಲೇಪನದ ಕಾರ್ಖಾನೆಗಳ ಕ್ರೋಮಿಯಂ, ನಿಕ್ಕಲ್ಲು. ಅದೇ ನೀರು ಬೈರಮಂಗಲ ಕೆರೆಗೆ ಹೋಗಿ, ಅಲ್ಲಿ ರೈತರು ಸೊಪ್ಪಿಗೆ, ಹುಲ್ಲಿಗೆ ಹಾಯಿಸ್ತಾರೆ. ಅಲ್ಲಿ ನಂಗೆ ಸಿಟ್ಟು ಬರತ್ತೆ, ಯಾಕಂದ್ರೆ ಬೆರಳು ಮಾಡಿ ತೋರಿಸೋಕೆ ಒಬ್ಬ ಇದಾನೆ. ರಾತ್ರಿ ಹೊತ್ತು ಪೈಪು ಬಿಡೋನು ಇದಾನೆ, ಕಣ್ಮುಚ್ಚಿಕೊಳ್ಳೋ ಅಧಿಕಾರಿ ಇದಾನೆ. ಇಲ್ಲಿ ಯಾರ ಮೇಲೆ ಸಿಟ್ಟು ಮಾಡಲಿ? ತಲೆ ಮೇಲೆ ಸೂರು ಹಾಕಿಕೊಂಡ ಮುದುಕಿ ಮೇಲಾ? ಮಗು ಅಡ್ಡ ಬಂತು ಅಂತ ಬ್ರೇಕ್ ಒತ್ತಿದವನ ಮೇಲಾ? ಪಾಪ ಅನ್ನೋಕೆ ಪಾಪಿ ಬೇಕಲ್ವಾ?

ದೊಡ್ಡಮ್ಮ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಬೇಗ ಉತ್ತರ ಕೊಡುವುದು ಬೇಡ.

ಅಳಿಯ: ಇನ್ನೊಂದು ಹೇಳ್ತೀನಿ. ಈ ಮನೆ ಸೂರಿಂದ ಇಳಿಯೋ ಜಿಂಕು ಊರಿನ ಲೆಕ್ಕದಲ್ಲಿ ಏನೂ ಅಲ್ಲ. ನಾಳೆ ನಾನು ಇದನ್ನ ಕಿತ್ತು ಹಂಚು ಹಾಕಿದ್ರೂ ನದಿಗೆ ಗೊತ್ತಾಗೋದಿಲ್ಲ. ಗೊತ್ತೇ ಆಗದ ವಿಷಯದಲ್ಲಿ ನನ್ನ ಹೊಣೆ ಏನು?

ದೊಡ್ಡಮ್ಮ: ನಿಮ್ಮ ಪಾಲು ಸೊನ್ನೆ ಅಂತೀರಾ?

ಅಳಿಯ: ಹೆಚ್ಚುಕಡಿಮೆ ಸೊನ್ನೆ.

ದೊಡ್ಡಮ್ಮ: ಆ ‘ಹೆಚ್ಚುಕಡಿಮೆ’ ಎಂಬಲ್ಲೇ ಎಲ್ಲವೂ ಇದೆ. ಸೊನ್ನೆಯನ್ನು ಲಕ್ಷ ಸಲ ಕೂಡಿದರೂ ಸೊನ್ನೆ. ನದಿಯಲ್ಲಿ ಸತು ಇದೆ. ಹಾಗಾದರೆ ಯಾರ ಪಾಲೂ ಸೊನ್ನೆ ಅಲ್ಲ. ಸಣ್ಣದು ಅನ್ನಿ, ಒಪ್ಪುತ್ತೇನೆ. ಇಲ್ಲವೇ ಇಲ್ಲ ಅನ್ನಬೇಡಿ.

ಮಗಳು: ಅಷ್ಟು ಸಣ್ಣದೂ ಅಲ್ಲ. ಲೆಕ್ಕ ಹಾಕೋಣ. ಈ ಊರಿನ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. 150 ಚದರ ಮೀಟರಿನ ಒಂದು ಮಾಡು ವರ್ಷಕ್ಕೆ 90 ಸಾವಿರ ಲೀಟರ್ ನೀರು ಇಳಿಸುತ್ತದೆ. ಬಣ್ಣವಿಲ್ಲದ ಹಳೆಯ ತಗಡಾದರೆ ಲೀಟರಿಗೆ 1 ಮಿಲಿಗ್ರಾಂ ಸತು ಎಂದು ಇಟ್ಟುಕೊಳ್ಳಿ. ಅದು ಅತಿಶಯವಲ್ಲ. ವರ್ಷಕ್ಕೆ 90 ಗ್ರಾಂ ಆಯಿತು, ಒಂದು ಮುಷ್ಟಿಯೂ ತುಂಬುವುದಿಲ್ಲ. ಆ 90 ಗ್ರಾಮನ್ನು ಲೀಟರಿಗೆ 8 ಮೈಕ್ರೋಗ್ರಾಮಿಗೆ ಇಳಿಸಬೇಕಾದರೆ ಎಷ್ಟು ಶುದ್ಧ ನೀರು ಬೇಕು? ಒಂದು ಕೋಟಿ ಹನ್ನೆರಡೂವರೆ ಲಕ್ಷ ಲೀಟರ್. ಒಂದು ಮನೆಗೆ.

ಅಳಿಯ: ಒಂದು ಕೋಟಿ?

ಮಗಳು: ಒಂದು ಕೋಟಿ ಹನ್ನೆರಡೂವರೆ ಲಕ್ಷ. ಅದೂ ಎಲ್ಲಿಂದಲೋ ಸತುವೇ ಇಲ್ಲದ ನೀರು ತಂದರೆ.

ಅಳಿಯ: ಆದ್ರೆ ನದಿ ಆಗಲೇ ಮಿತಿ ಮೀರಿದೆಯಲ್ಲ. ಗೆರೆ ದಾಟಿದ ಮೇಲೆ ಇನ್ನೊಂದು ಹೆಜ್ಜೆ ಹಾಕಿದ್ರೆ ವ್ಯತ್ಯಾಸ ಏನು?

ಮಗಳು: ಗೆರೆ ಇರುವುದು ಕಾಗದದ ಮೇಲೆ. ನೀರಿನಲ್ಲಿ ಗೆರೆ ಇಲ್ಲ. ಕೆಲವು ಜೀವಿಗಳು ಅದಕ್ಕಿಂತ ಮೊದಲೇ ಸಾಯುತ್ತವೆ, ಕೆಲವು ಬಹಳ ಆದಮೇಲೆ. ಲೋಹ ಹೆಚ್ಚಿದಂತೆ ಜಾತಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ನಾನು ಹೇಳಿದ 8, 1.4 ಕೂಡ ಎಲ್ಲರನ್ನೂ ಉಳಿಸುವ ಸಂಖ್ಯೆಗಳಲ್ಲ. ನೂರರಲ್ಲಿ 95 ಜಾತಿಗಳನ್ನು ಕಾಪಾಡುವ ಮಟ್ಟ ಅದು.

ದೊಡ್ಡಮ್ಮ: ಉಳಿದ ಐದು?

ಮಗಳು: ಕೈಬಿಟ್ಟಂತೆ.

ದೊಡ್ಡಮ್ಮ: ಯಾರು ಬಿಟ್ಟರು? ಯಾರು ಕೂತು ತೀರ್ಮಾನ ಮಾಡಿದರು, ಈ ಐದು ಬೇಡ ಅಂತ?

ಮಗಳು: ಯಾವ ಐದು ಎಂದು ಯಾರೂ ಹೆಸರು ಹಿಡಿದು ತೀರ್ಮಾನಿಸಿಲ್ಲ, ದೊಡ್ಡಮ್ಮ. ಪ್ರಯೋಗಶಾಲೆಯಲ್ಲಿ ಹಲವು ಜೀವಿಗಳ ಮೇಲೆ ಪರೀಕ್ಷೆ ಮಾಡಿ, ಎಷ್ಟಕ್ಕೆ ಯಾವುದಕ್ಕೆ ಹಾನಿ ಎಂದು ಒಂದು ರೇಖೆ ಎಳೆಯುತ್ತಾರೆ. ಆ ರೇಖೆಯ ಮೇಲೆ 95 ಎಲ್ಲಿ ಬರುತ್ತದೆ ಎಂದು ನೋಡುತ್ತಾರೆ. ಬಹಳ ಕೆಟ್ಟಿರುವ ನಗರದ ತೊರೆಗಳಿಗೆ 90ರ ಮಟ್ಟವನ್ನೂ ಇಟ್ಟುಕೊಳ್ಳಬಹುದು, ಆಗ ಸತು 15ರವರೆಗೆ ಹೋಗಬಹುದು. 80 ಆದರೆ 31. ನನ್ನ ಮೇಜಿನ ಮೇಲೆ ಈ ಪಟ್ಟಿ ದಿನವೂ ಇರುತ್ತದೆ. ನಾನೂ ಇದನ್ನೇ ಹಿಡಿದು ಕೆಲಸ ಮಾಡುತ್ತೇನೆ, ಬೇರೆ ದಾರಿ ಇಲ್ಲ. ಆದರೆ ನೀವು ಕೇಳಿದಿರಲ್ಲ, ‘ಯಾರು ಬಿಟ್ಟರು’ ಎಂದು. ಆ ಪ್ರಶ್ನೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಇಲ್ಲಿನ ಮೂಲ ಜನ, ಙಾಯಿ ತಾಹು ಕುಲದವರು, ಅಳೆಯುವ ಕೋಲೇ ಬೇರೆ. ಅವರು ನೂರರಲ್ಲಿ ಎಷ್ಟು ಎಂದು ಕೇಳುವುದಿಲ್ಲ. ಈ ನೀರಿನ ಹಾವುಮೀನನ್ನು ಹಿಡಿದು, ದಂಡೆಯ ಸೊಪ್ಪನ್ನು ಕಿತ್ತು ಮಕ್ಕಳಿಗೆ ಬಡಿಸಬಹುದೇ ಎಂದು ಕೇಳುತ್ತಾರೆ. ಅವರ ಹಿರಿಯರಿಗೆ ಓಟಾಕಾರೊ ಊಟ ಕೊಟ್ಟ ಜಾಗ. ಇಲ್ಲಿನ ಉದ್ದರೆಕ್ಕೆಯ ಹಾವುಮೀನು ಹಲವು ದಶಕ ಬದುಕುತ್ತದೆ, ಆಯುಷ್ಯದಲ್ಲಿ ಒಂದೇ ಸಲ ಮೊಟ್ಟೆ ಇಡಲು ನದಿ ಬಿಟ್ಟು ಟೋಂಗಾದ ಕಡೆಯ ಸಮುದ್ರಕ್ಕೆ ಹೋಗುತ್ತದೆ. ಅಷ್ಟೂ ದಶಕ ಅದು ಈ ಕೆಸರಿನಲ್ಲೇ ಇರಬೇಕು.

ದೊಡ್ಡಮ್ಮ: ಆ ಕೋಲು ಸರಿಯಾದ ಕೋಲು.

(ಮಾತು ಇಲ್ಲಿ ಸ್ವಲ್ಪ ನಿಂತಿತು ಎಂದು ಓದುಗರು ತಿಳಿಯಬೇಕು. 95 ಎಂಬ ಸಂಖ್ಯೆಯ ಮುಂದೆ ಒಂದು ಕ್ಷಣವಾದರೂ ನಿಲ್ಲದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.)

ದೊಡ್ಡಮ್ಮ: ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಾಪಿ ಇಲ್ಲದೆ ಪಾಪ ಇದೆಯೇ? ನಮ್ಮಲ್ಲಿ ಹಿಂಸೆಯನ್ನು ಎರಡಾಗಿ ನೋಡುತ್ತಾರೆ. ಮನಸ್ಸಿನಲ್ಲಿ ಆಗುವುದು ಭಾವಹಿಂಸೆ, ಹೊರಗೆ ಜೀವಕ್ಕೆ ತಟ್ಟುವುದು ದ್ರವ್ಯಹಿಂಸೆ. ಗೃಹಸ್ಥನ ಹಿಂಸೆಯಲ್ಲಿ ಮತ್ತೆ ನಾಲ್ಕು: ಬೇಕೆಂದೇ ಮಾಡುವ ಸಂಕಲ್ಪಿ, ಮನೆವಾರ್ತೆಯಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ತನ್ನನ್ನು ಕಾಪಾಡಿಕೊಳ್ಳಲು ಆಗುವ ವಿರೋಧಿ. ಸಂಕಲ್ಪಿಯನ್ನು ಪೂರ್ತಿ ಬಿಡಬೇಕು. ಉಳಿದವನ್ನು ಗೃಹಸ್ಥ ಪೂರ್ತಿ ಬಿಡಲಾರ, ಕಡಿಮೆ ಮಾಡುತ್ತ ಹೋಗಬೇಕು. ಸೂರು ಆರಂಭಿ, ನಿಮ್ಮ ಬ್ರೇಕು ಉದ್ಯೋಗಿ.

ಅಳಿಯ: ಹಾಗಾದ್ರೆ ನಾನು ಬಚಾವ್.

ದೊಡ್ಡಮ್ಮ: ಇಲ್ಲ. ಹಿಂಸೆ ಎಂದರೆ ಪ್ರಮಾದದಿಂದ ಜೀವ ತೆಗೆಯುವುದು ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ದ್ವೇಷವೇ ಇರಬೇಕಾಗಿಲ್ಲ, ಎಚ್ಚರ ಇಲ್ಲದಿದ್ದರೆ ಸಾಕು. ಎಚ್ಚರದಿಂದ ನೋಡಿ ನಡೆಯುವ ಮುನಿಯ ಕಾಲಡಿ ಇರುವೆ ಸತ್ತರೆ ಒಂದು ಮಾತು, ನೋಡದೆ ನಡೆದವನ ಕಾಲಡಿ ಸಾಯದೆ ಉಳಿದರೂ ಇನ್ನೊಂದು ಮಾತು. ಈ ದೇಶದ ಅಜ್ಜಂದಿರು ತಗಡು ಹೊದೆಸಿದಾಗ ಅವರಿಗೆ ಗೊತ್ತಿರಲಿಲ್ಲ. ನಿಮ್ಮ ಹೆಂಡತಿ ಅಳೆದಿದ್ದಾಳೆ, ಸಂಖ್ಯೆ ಹೇಳಿದ್ದಾಳೆ. ಅಳೆದ ಮೇಲೆ ಸುಮ್ಮನಿರುವುದು ಪ್ರಮಾದ.

ಅಳಿಯ: ಅಂದ್ರೆ ತಿಳಿದುಕೊಂಡವನಿಗೆ ಹೊರೆ, ತಿಳಿಯದವನು ನಿರಾಳ. ಹಾಗಾದ್ರೆ ಅಳೆಯದೇ ಇರೋದೇ ಒಳ್ಳೇದಲ್ವಾ? ಬೆಂಗಳೂರಲ್ಲಿ ಎಷ್ಟೋ ಜನ ಅದನ್ನೇ ಮಾಡೋದು.

ದೊಡ್ಡಮ್ಮ: ತಿಳಿಯಬಹುದಾದದ್ದನ್ನು ತಿಳಿಯದೆ ಇರುವುದೂ ಪ್ರಮಾದವೇ. ನನ್ನ ಅಜ್ಜಿ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದೇ ಬಾವಿಯ ನೀರಿನಿಂದ ಮೆಲ್ಲಗೆ ತೊಳೆದು, ಆ ನೀರನ್ನು ಬಾವಿಗೇ ಬಿಡುತ್ತಿದ್ದರು. ಬಟ್ಟೆಗೆ ಅಂಟಿದ ಜೀವಿಗಳು ತಮ್ಮ ನೀರಿಗೆ ವಾಪಸು ಹೋಗಬೇಕು. ಅವರು ಸೂಕ್ಷ್ಮದರ್ಶಕ ನೋಡಿದವರಲ್ಲ. ಕಾಣದ್ದು ಇರಬಹುದು ಎಂಬ ಒಂದು ಸಂಶಯಕ್ಕೆ ಜೀವಮಾನವಿಡೀ ಅಷ್ಟು ಕೆಲಸ ಮಾಡಿದರು. ನಿಮ್ಮಲ್ಲಿ ಸಂಶಯ ಅಲ್ಲ, ಖಚಿತ ಅಂಕಿ ಇದೆ.

ಮಗಳು: ದೊಡ್ಡಮ್ಮ, ನಿಮ್ಮ ಮನೆಯ ಮೇಲೆ ಈಗ ಏನಿದೆ?

ದೊಡ್ಡಮ್ಮ: ಹಂಚು ತೆಗೆದು ತಾರಸಿ ಹಾಕಿಸಿದೆವು. ತಾರಸಿ ಸೋರಿತು ಅಂತ ಮೇಲೆ ಶೀಟು. ಈಗ ನಮ್ಮ ಊರಿಗೆ ಊರೇ ಶೀಟು.

ಮಗಳು: ಇಲ್ಲಿಯ ಆರೇಳು ಪಟ್ಟು ಮಳೆ ಅಲ್ಲಿ.

ದೊಡ್ಡಮ್ಮ: ಆ ನೀರು ತೋಡಿಗೆ, ತೋಡಿನಿಂದ ಹೊಳೆಗೆ. ಗೊತ್ತಾಯಿತು. ನಮ್ಮ ಶೀಟಿಗೆ ಬಣ್ಣ ಉಂಟು, ಆದರೆ ಬಣ್ಣ ಹೋದ ಶೀಟುಗಳೂ ಊರಲ್ಲಿ ಬೇಕಾದಷ್ಟಿವೆ. ಊರಿಗೆ ಹೋದ ಮೇಲೆ ಈ ಮಾತು ಅಲ್ಲಿಯೂ ಎತ್ತಬೇಕು.

ಅಳಿಯ: ಬಣ್ಣ ಇದ್ರೆ ಸಾಕಾ?

ಮಗಳು: ಬಹಳ ಮಟ್ಟಿಗೆ ಸಾಕು. ಸತು, ಅಲ್ಯೂಮಿನಿಯಂ ಬೆರಕೆಯ ಹೊಸ ತಗಡು, ಕಾರ್ಖಾನೆಯಲ್ಲೇ ಬಣ್ಣ ಹಾಕಿ ಬರುವ ತಗಡು, ಇವು ಬರಿಯ ಸತು ತಗಡಿಗಿಂತ ಎಷ್ಟೋ ಕಡಿಮೆ ಬಿಡುತ್ತವೆ. ಹಳೆಯದಕ್ಕೆ ಬಣ್ಣ ಹೊಡೆಸಿದರೂ ಸತು ದೊಡ್ಡ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಒಂದು ಎಚ್ಚರ ಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗಲೇ ಕೆರೆದು ಹಾರಿಸಿದರೆ ಸತು ತಪ್ಪಿಸಲು ಹೋಗಿ ಸೀಸ ಸುರಿದಂತೆ.

ದೊಡ್ಡಮ್ಮ: ನದಿಗೆ ಹೋದ ಲೋಹ ಆಮೇಲೆ ಏನಾಗುತ್ತದೆ? ಕೊಳೆಯುತ್ತದಾ?

ಮಗಳು: ಕೊಳೆಯುವುದಿಲ್ಲ. ಎಲೆ ಕೊಳೆಯುತ್ತದೆ, ಎಣ್ಣೆ ಕೂಡ ನಿಧಾನಕ್ಕೆ ಒಡೆಯುತ್ತದೆ. ಸತು ಮೂಲಧಾತು. ಅದನ್ನು ಒಡೆಯುವ ಸೂಕ್ಷ್ಮಾಣು ಇಲ್ಲ, ಸುಟ್ಟು ಇಲ್ಲವಾಗಿಸುವ ಬೆಂಕಿ ಇಲ್ಲ. ನುಣುಪಾದ ಕೆಸರಿನ ಕಣಕ್ಕೆ ಅಂಟಿಕೊಂಡು ತಳದಲ್ಲಿ, ಕೊನೆಗೆ ಅಳಿವೆಯಲ್ಲಿ ಕೂರುತ್ತದೆ. ವೆಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿ ವಾಯ್‌ಫೆಟು ಎಂಬ ತೊರೆ ಇದೆ. ದಶಕಗಳ ಕಾಲ ಕಾರ್ಖಾನೆಗಳ ಸೀಸ, ಸತು ಅದರ ತಳದಲ್ಲಿ ತುಂಬಿತ್ತು. ಕೊನೆಗೆ ಸುಮಾರು 2009-10ರಲ್ಲಿ ಕೆಳಪಾತ್ರದ ಕೆಸರನ್ನೇ ಅಗೆದು ಸಾಗಿಸಿದರು. ಅಗೆದ ಲೋಹ ಇಲ್ಲವಾಗಲಿಲ್ಲ, ಜಾಗ ಬದಲಾಯಿತು.

ದೊಡ್ಡಮ್ಮ: ಇದು ನನಗೆ ಚೆನ್ನಾಗಿ ಗೊತ್ತಿರುವ ಶಾಸ್ತ್ರ. ನಮ್ಮಲ್ಲಿ ಕರ್ಮವೂ ದ್ರವ್ಯವೇ. ಅತಿ ಸೂಕ್ಷ್ಮ ಪುದ್ಗಲ ಅದು, ಬಂದು ಜೀವಕ್ಕೆ ಅಂಟುತ್ತದೆ. ಒಳಗೆ ಹರಿದು ಬರುವುದು ಆಸ್ರವ, ಅಂಟಿಕೊಳ್ಳುವುದು ಬಂಧ. ಬರುವುದನ್ನು ತಡೆಯುವುದು ಸಂವರ, ಬಂದು ಅಂಟಿದ್ದನ್ನು ಉದುರಿಸುವುದು ನಿರ್ಜರೆ. ಸಂವರ ಇಲ್ಲದ ನಿರ್ಜರೆಗೆ ಕೊನೆ ಇಲ್ಲ. ಒಂದು ಕಡೆ ಉದುರಿಸುತ್ತಿದ್ದರೆ ಇನ್ನೊಂದು ಕಡೆ ಬರುತ್ತಲೇ ಇರುತ್ತದೆ. ಕೆಸರು ಅಗೆಯುವುದು ನಿರ್ಜರೆ. ಮಾಡಿಗೆ ಬಣ್ಣ ಬಳಿಯುವುದು ಸಂವರ. ಮೊದಲು ಯಾವುದು ಎಂಬುದರಲ್ಲಿ ನಮ್ಮ ಆಚಾರ್ಯರಿಗೆ ಸಂಶಯವೇ ಇರಲಿಲ್ಲ.

ಮಗಳು: ನಾವು ಇಂಜಿನಿಯರುಗಳು ಮೂರನೆಯದೊಂದನ್ನು ಮಾಡುತ್ತೇವೆ, ದಾರಿಯಲ್ಲಿ ಹಿಡಿಯುವುದು. ಮಳೆತೋಟಗಳ ಮಣ್ಣಿನಲ್ಲಿ ಇಂಗಿಸಿ ಲೋಹ ಹಿಡಿಯುತ್ತೇವೆ. ಇದೇ ಊರಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರು ಮಾಡಿನಿಂದ ಇಳಿಯುವ ಪೈಪಿಗೇ ಒಂದು ಡಬ್ಬ ಕೂರಿಸಿ, ಅದರೊಳಗೆ ಪಚ್ಚಿಲೆ ಚಿಪ್ಪು ತುಂಬಿದರು. ಇಲ್ಲಿ ಪಚ್ಚಿಲೆ ಕೃಷಿ ದೊಡ್ಡದು, ಚಿಪ್ಪು ಬೇಕಾದಷ್ಟು ಕಸವಾಗಿ ಬೀಳುತ್ತದೆ. ಚಿಪ್ಪಿನ ಸುಣ್ಣ ಸತುವನ್ನು ಹಿಡಿದುಕೊಳ್ಳುತ್ತದೆ. ಆದರೆ ದೊಡ್ಡಮ್ಮ, ನಿಮ್ಮ ಹೋಲಿಕೆಯಲ್ಲಿ ಒಂದು ಕಡೆ ನನಗೆ ತೊಡಕಿದೆ.

ದೊಡ್ಡಮ್ಮ: ಹೇಳು.

ಮಗಳು: ಕರ್ಮ ಮಾಡಿದವನಿಗೇ ಅಂಟುತ್ತದೆ. ಸತು ಹಾಗಲ್ಲ. ಮಾಡು ನನ್ನದು, ಅಂಟುವುದು ಹುಳುವಿಗೆ, ಹಾವುಮೀನಿಗೆ, ಅಳಿವೆಯ ಕೆಸರಿಗೆ. ನನಗೆ ಏನೂ ಆಗುವುದಿಲ್ಲ. ನಾನು ಇನ್ನೂ ಐವತ್ತು ವರ್ಷ ಈ ಮಾಡಿನಡಿ ಸುಖವಾಗಿ ಇರಬಹುದು. ನಿಮ್ಮ ಶಾಸ್ತ್ರದಲ್ಲಿ ಲೆಕ್ಕ ತಾನಾಗಿಯೇ ಬರೆದುಕೊಳ್ಳುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ನದಿಯ ವಿಷಯದಲ್ಲಿ ಯಾರೂ ಬರೆಯದಿದ್ದರೆ ಲೆಕ್ಕವೇ ಇಲ್ಲ. ಅದಕ್ಕೇ ನಾನು ಒಬ್ಬೊಬ್ಬರ ವ್ರತವನ್ನು ನಂಬಿ ಕೂರಲಾರೆ. ಬಾಟಲಿ ಹಿಡಿದು ನೀರಿನ ಮಾದರಿ ತೆಗೆಯುವವರು ಬೇಕು, ಅಂಕಿ ಬರೆಯುವವರು ಬೇಕು, ಆ ಅಂಕಿಗೆ ಬೆಲೆ ಕೊಡುವ ಕಾನೂನು ಬೇಕು.

ದೊಡ್ಡಮ್ಮ: ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಸರಿಯಾದ ಮಾತು.

ಅಳಿಯ: ನಾನು ಆಗಿಂದ ಹೇಳ್ತಿರೋದೂ ಇದನ್ನೇ, ಬೇರೆ ಬಾಯಲ್ಲಿ. ಸೀಸದ ಪೆಟ್ರೋಲ್ ನೋಡಿ. ನಾವೆಲ್ಲ ಸೀಸ ಉಸಿರಾಡಿಕೊಂಡೇ ಬೆಳೆದೋರು. ಇಲ್ಲಿ 1996ರಲ್ಲಿ ನಿಲ್ಲಿಸಿದ್ರು, ಇಂಡಿಯಾದಲ್ಲಿ 2000ದಲ್ಲಿ. ಯಾವ ಸ್ಕೂಟರಿನವನು ವ್ರತ ಹಿಡಿದು ಸೀಸ ಬಿಟ್ಟ? ಬಂಕಲ್ಲಿ ಬರೋದೇ ನಿಂತುಹೋಯ್ತು, ಅಷ್ಟೆ.

ಮಗಳು: ಆಕ್ಲೆಂಡ್ ಅಳಿವೆಗಳ ಕೆಸರಿನಲ್ಲಿ ಅದು ಕಾಣಿಸುತ್ತದೆ. ಪೆಟ್ರೋಲಿನಿಂದ ಸೀಸ ಹೋದ ಮೇಲೆ ಮೇಲ್ಪದರದಲ್ಲಿ ಸೀಸ ಇಳಿಯುತ್ತ ಬಂತು. ಕಾನೂನು ಕೆಸರಿನವರೆಗೂ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಳಿಯ: ಬ್ರೇಕಿಗೂ ಹಾಗೇ ಆಗಬೇಕು. ಪ್ಯಾಡು ಸವೆಯಲೇಬೇಕು, ಸವೆಯದಿದ್ರೆ ಕಾರು ನಿಲ್ಲಲ್ಲ. ಸವೆದ ಪುಡಿಯಲ್ಲಿ ಏನಿರಬೇಕು ಅನ್ನೋದು ಮಾತ್ರ ನಮ್ಮ ಕೈಲಿದೆ. ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡ್ತು. 2021ರಿಂದ ಪ್ಯಾಡಿನಲ್ಲಿ ತಾಮ್ರ ನೂರಕ್ಕೆ 5 ಮೀರಬಾರದು, 2025ರಿಂದ 0.5. ತಯಾರಕರು ಮಾಡಿಕೊಟ್ರು, ಕಾರುಗಳು ನಿಲ್ತಾನೇ ಇದಾವೆ. ಈ ದೇಶದಲ್ಲಿ ಕಾರು ಜೋಡಿಸೋ ಕಾರ್ಖಾನೆಗಳು 1998ಕ್ಕೇ ಮುಚ್ಚಿದ್ವು. ಎಲ್ಲಾ ಹಡಗಲ್ಲಿ ಬರೋದು. ಬಂದರಿನ ಬಾಗಿಲಲ್ಲಿ ಒಂದು ನಿಯಮ ಇಟ್ರೆ ಸಾಕು.

ದೊಡ್ಡಮ್ಮ: ಕಾನೂನು ಬರುವವರೆಗೆ ನೀವು ಯಾವ ಪ್ಯಾಡು ಹಾಕುತ್ತೀರಿ?

ಅಳಿಯ: ಗಿರಾಕಿ ಕೇಳಿದ್ದು, ಡೀಲರು ಕಳಿಸಿದ್ದು.

ದೊಡ್ಡಮ್ಮ: ತಾಮ್ರ ಇದೆಯೋ ಇಲ್ಲವೋ ನೋಡಿ ತಿಳಿಯುವ ಗುರುತು ಏನೂ ಇಲ್ಲವಾ?

ಅಳಿಯ: ...ಇದೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಪ್ಯಾಡುಗಳ ಅಂಚಿನಲ್ಲಿ ಒಂದು ಅಕ್ಷರ ಅಚ್ಚು ಹಾಕಿರ್ತಾರೆ. ‘ಬಿ’ ಇದ್ರೆ ತಾಮ್ರ 5ಕ್ಕಿಂತ ಕಡಿಮೆ, ‘ಎನ್’ ಇದ್ರೆ 0.5ಕ್ಕಿಂತ ಕಡಿಮೆ. ಡಬ್ಬದ ಮೇಲೆ ಎಲೆಗಳ ಚಿತ್ರ ಇರತ್ತೆ. ಎಲ್ಲಾ ಕಾರಿಗೂ ಸಿಗಲ್ಲ.

ದೊಡ್ಡಮ್ಮ: ಸಿಗುವ ಕಾರಿಗೆ?

ಅಳಿಯ: ಸಿಗುವ ಕಾರಿಗೆ ಹಾಕಬಹುದು. ಹಾಕ್ತೀನಿ. ಆದ್ರೆ ನನ್ನೊಬ್ಬನ ಗ್ಯಾರೇಜಿಂದ ಊರು ಸರಿಹೋಗತ್ತೆ ಅಂತ ಮಾತ್ರ ನನ್ನ ಹತ್ರ ಹೇಳಿಸಬೇಡಿ.

ದೊಡ್ಡಮ್ಮ: ಹೇಳಿಸುವುದಿಲ್ಲ. ಗೃಹಸ್ಥನ ಸಣ್ಣ ವ್ರತ, ಅಣುವ್ರತ ಅಂದರೆ ಅಷ್ಟೇ, ನಮ್ಮ ಕೈಯಳತೆಯದ್ದು. ಅದು ಕಾನೂನಿಗೆ ಬದಲಿ ಅಲ್ಲ. ಕಾನೂನು ಬರಲಿ ಆಮೇಲೆ ನೋಡೋಣ ಅನ್ನುವುದಕ್ಕೂ ಅದು ಬಿಡುವುದಿಲ್ಲ.

ಅಳಿಯ: ಈ ದೇಶದಲ್ಲಿ ನದಿಗೇ ವ್ಯಕ್ತಿ ಅಂತ ಹಕ್ಕು ಕೊಟ್ಟಿದಾರಲ್ಲ. ಅದರಿಂದ ಆಗಲ್ವಾ?

ಮಗಳು: ಅದು ಉತ್ತರ ದ್ವೀಪದ ವಾಂಗನುಯಿ ನದಿ, 2017ರ ಕಾಯಿದೆ. ನದಿಯ ಪರವಾಗಿ ಮಾತನಾಡಲು ಇಬ್ಬರು ಇರುತ್ತಾರೆ. ಅದೇ ವರ್ಷ ಉತ್ತರಾಖಂಡದ ಹೈಕೋರ್ಟು ಗಂಗೆ, ಯಮುನೆಗೂ ವ್ಯಕ್ತಿಯ ಸ್ಥಾನ ಕೊಟ್ಟಿತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ನಮ್ಮ ಓಟಾಕಾರೊಗೆ ಆ ಸ್ಥಾನ ಇಲ್ಲ. ಇದ್ದರೂ ಅದು ಯಾರ ಮೇಲೆ ದಾವೆ ಹೂಡುತ್ತದೆ? ಲಕ್ಷ ಮಾಡುಗಳ ಮೇಲೆ?

ದೊಡ್ಡಮ್ಮ: ಆರೋಪಿಯ ಕಟಕಟೆಯಲ್ಲಿ ಊರೇ ನಿಲ್ಲಬೇಕಾದೀತು.

ಮಗಳು: ಆದರೆ ಊರಿಗೆ ಒಂದು ವಿಳಾಸ ಇದೆ. ಲಕ್ಷ ಮಾಡುಗಳ ನೀರು ಕೊನೆಗೆ ನಗರಸಭೆಯ ಕೊಳವೆಗಳಿಂದಲೇ ನದಿಗೆ ಬೀಳುತ್ತದೆ. ಹಾಗೆ ಬಿಡಲು ನಗರಸಭೆ ಪ್ರಾದೇಶಿಕ ಮಂಡಳಿಯಿಂದ ಪರವಾನಗಿ ಪಡೆಯಬೇಕು. 2019ರಲ್ಲಿ ಇಡೀ ಊರಿಗೆ ಒಂದೇ ದೊಡ್ಡ ಪರವಾನಗಿ ಕೊಟ್ಟರು, ಅದರಲ್ಲಿ ಲೋಹಗಳನ್ನು ಇಳಿಸಬೇಕೆಂಬ ಷರತ್ತುಗಳಿವೆ. ಇವರು ಕೇಳಿದರಲ್ಲ, ಯಾರ ಮೇಲೆ ಸಿಟ್ಟು ಮಾಡಲಿ ಎಂದು. ಯಾರ ಮೇಲೂ ಬೇಡ. ಆದರೆ ಕೇಳಬೇಕಾದ ಜಾಗ ಇದೆ, ಕೊಳವೆಯ ಬಾಯಿ. ಅಲ್ಲಿ ನಾವೆಲ್ಲರೂ ಒಬ್ಬರೇ.

ಅಳಿಯ: ನಗರಸಭೆ ಬ್ರೇಕ್ ಪ್ಯಾಡಿಗೆ ನಿಯಮ ಮಾಡೋಕಾಗಲ್ಲ.

ಮಗಳು: ಆಗುವುದಿಲ್ಲ. ತಗಡಿಗೂ ಟೈರಿಗೂ ಅಷ್ಟೇ. ಅದು ವೆಲಿಂಗ್ಟನ್ನಿನ ಸಂಸತ್ತಿನ ಕೆಲಸ. ಕೊಳವೆಯ ಬಾಯಲ್ಲಿ ನಿಂತವರಿಗೆ ಹೊಣೆ ಇದೆ, ಮೂಲದ ಮೇಲೆ ಅಧಿಕಾರ ಇಲ್ಲ. ಮೂಲದ ಮೇಲೆ ಅಧಿಕಾರ ಇರುವವರು ಕೊಳವೆಯ ಬಾಯಿಗೆ ಬರುವುದಿಲ್ಲ. 2011ರ ಭೂಕಂಪದ ನಂತರ ಓಟಾಕಾರೊ ದಂಡೆಯಲ್ಲಿ ಸಾವಿರಾರು ಮನೆಗಳನ್ನು ತೆಗೆಸಿದರು, ಈಗ 602 ಹೆಕ್ಟೇರ್ ಹಸಿರು ಪಟ್ಟಿ. ಅಷ್ಟು ಮಾಡುಗಳು ನದಿಯಿಂದ ದೂರವಾದವು. ಉಳಿದ ಊರಿನ ಹಳೆಯ ಮಾಡುಗಳು ಹಾಗೇ ಇವೆ. ಅವುಗಳಡಿ ಇರುವವರಲ್ಲಿ ಬಾಡಿಗೆಯವರು, ಪಿಂಚಣಿಯವರು ಬಹಳ. ಅವರ ತಲೆಗೆ ಖರ್ಚು ಕಟ್ಟಿ ನದಿ ಉಳಿಸುತ್ತೇವೆ ಅನ್ನುವುದು ನ್ಯಾಯವಲ್ಲ. ಬಣ್ಣಕ್ಕೆ ನೆರವು ಕೊಡಬೇಕು. ಬಣ್ಣವಿಲ್ಲದ ಸತು ತಗಡು ಮಾರುವುದನ್ನು ನಿಲ್ಲಿಸಬೇಕು. ಇದು ನನ್ನ ಅಭಿಪ್ರಾಯ.

ದೊಡ್ಡಮ್ಮ: ಇಲ್ಲಿ ಕನ್ನಡದವರ ಮನೆಗಳು ಎಷ್ಟೋ ಇವೆಯಲ್ಲ. ರಾಜ್ಯೋತ್ಸವಕ್ಕೆ ಸೇರುತ್ತಾರೆ, ಯುಗಾದಿಗೆ ಸೇರುತ್ತಾರೆ. ಅಲ್ಲಿ ಈ ಮಾತು ಬರುತ್ತದಾ?

ಅಳಿಯ: ಬಂದಿಲ್ಲ.

ದೊಡ್ಡಮ್ಮ: ಬರಲಿ. ಸ್ವಂತ ಮನೆ ಇರುವವರು ಏಣಿ ಇಟ್ಟು ತಮ್ಮ ಮಾಡಿನ ಬಣ್ಣ ನೋಡಲಿ. ಕಾರನ್ನು ರಸ್ತೆಯಲ್ಲಿ ತೊಳೆಯದೆ ಹುಲ್ಲಿನ ಮೇಲೆ ತೊಳೆಯಲಿ. ಬ್ರೇಕ್ ಬದಲಿಸುವಾಗ ಅಂಚಿನ ಅಕ್ಷರ ಕೇಳಲಿ. ಆಮೇಲೆ ಎಲ್ಲರೂ ಸೇರಿ ನಿಮ್ಮ ಸಂಸದರಿಗೆ ಒಂದು ಕಾಗದ ಬರೆಯಿರಿ, ಕ್ಯಾಲಿಫೋರ್ನಿಯಾ ಮಾಡಿದ್ದನ್ನು ಇಲ್ಲಿ ಮಾಡಿ ಎಂದು. ಕೆಂಗೇರಿಯ ನದಿ ಹಾಳಾದದ್ದನ್ನು ಕಣ್ಣಾರೆ ಕಂಡವರು ನೀವು. ಆ ಕಾಗದವನ್ನು ನೀವೇ ಬರೆಯಬೇಕು.

ಅಳಿಯ: ಬರೀತೀನಿ. ಅಂಕಿಗಳನ್ನ ಇವಳು ಕೊಡಲಿ.

ಮಗಳು: ಸತು 8, ತಾಮ್ರ 1.4. ಅಲ್ಲಿಂದ ಶುರು ಮಾಡಿ.